ಉಕ್ಕಿನ ಗಾಡಿಯೊಳಗಿನ ಮಡಕೆಗಳು

ರಾಯಚೂರು
೧೦ ಫೆಬ್ರವರಿ ೧೯೪೬

ಪ್ರೀತಿಯ ಮಗ ಮುದುಕಪ್ಪನಿಗೆ,

ನಿನ್ನ ಅಪ್ಪ ಗದ್ದೆಪ್ಪ ದೂರದಿಂದಲೇ ನಿನ್ನ ತಲೆ ಸವರಿ ಬರೆಯುವ ಕಾಗದ. ಇಲ್ಲಿ ನಾವು ನೆಟ್ಟಗಿದ್ದೇವೆ. ಪುಣೆಯ ಆಸ್ಪತ್ರೆಯಲ್ಲಿ ನಿನಗೂ ಗುಣ ಕಾಣುತ್ತಿರಲಿ. ನಿನ್ನ ಕಾಗದ ದೀಪಾವಳಿಗೇ ಬಂದಿತ್ತು. ತಡವಾಯಿತೆಂದು ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ನಿನ್ನದೊಂದು ಮಾತು ಕೈ ಹಿಡಿಯುತ್ತಿತ್ತು: "ಈ ಮುಖ ಹೊತ್ತು ಊರಿಗೆ ಬರುವುದಿಲ್ಲ. ದುರುಗಮ್ಮನನ್ನು ತವರಿಗೆ ಕಳಿಸಿಬಿಡಿ."

ಮೊದಲು ಮನೆಯ ಸುದ್ದಿ ಕೇಳು. ನಿಮ್ಮವ್ವ ಊರಲ್ಲೇ, ಮಲ್ಲಟದಲ್ಲೇ ಇದ್ದಾಳೆ. ಜೋಳದ ರಾಶಿಗೆ ಹೋಗಿ ಬೆನ್ನು ಹಿಡಿಸಿಕೊಂಡಿದ್ದಳು, ಈಗ ಓಡಾಡುತ್ತಾಳೆ. ಯುದ್ಧ ಮುಗಿದ ಮೇಲೆ ಕಾರ್ಖಾನೆಯವರು ನಮ್ಮನ್ನೆಲ್ಲ ಕೆಲಸದಿಂದ ಬಿಡಿಸಿದರು. ನನಗೆ ಕೆಲಸ ಕಲಿಸಿದ ವಲಿ ಪಾಷಾ ಮೇಸ್ತ್ರಿಗಳು ನಿನಗೆ ನೆನಪಿರಬೇಕು. ಅವರು ರಾಯಚೂರು ಸ್ಟೇಷನ್ನಿನ ಹಿಂದೆ ಒಂದು ಶೆಡ್ಡು ಹಾಕಿ ಬಸ್ಸುಗಳಿಗೆ ಮೈ ಕಟ್ಟುವ ಕೆಲಸ ಶುರುಮಾಡಿದ್ದಾರೆ. ಬೆಸುಗೆಯ ಕೆಲಸ ನನ್ನದು. ಮಾನ್ವಿ, ಕವಿತಾಳದ ಕಡೆ ಓಡುವ ಬಸ್ಸೊಂದು ಈಗ ನನ್ನ ಕೈಯಲ್ಲಿದೆ.

ಯುದ್ಧ ಇರುವ ತನಕ ಕಾರ್ಖಾನೆಯ ಮಾತು ಕಾಗದದಲ್ಲಿ ಬರೆಯುವಂತಿರಲಿಲ್ಲ. ಈಗ ಯಾರ ಹೆದರಿಕೆ? ನೀನು ಬರ್ಮಾದಲ್ಲಿ ಓಡಿಸಿದಂಥ ಉಕ್ಕಿನ ಕವಚದ ಗಾಡಿಗಳನ್ನೇ ನಾವು ಅಲ್ಲಿ ಕಟ್ಟುತ್ತಿದ್ದೆವು. ಮೊದಮೊದಲು ಬಂದ ಉಕ್ಕಿನ ಹಲಗೆಗಳು ಗುಂಡು ಬಿದ್ದರೆ ಹಪ್ಪಳದ ಹಾಗೆ ಸೀಳುತ್ತಿದ್ದವು. ಉಕ್ಕು ಗಟ್ಟಿಯಿದ್ದರೆ ಸಾಲದು, ಪೆಟ್ಟು ತಿಂದು ತಾಳಿಕೊಳ್ಳಲೂ ಬೇಕು. ಕುಲುಮೆಯವರು ಹದ ಬದಲಿಸಿ ಬದಲಿಸಿ ಕೊನೆಗೊಮ್ಮೆ ಒಳ್ಳೆಯ ಹಲಗೆ ಕಳಿಸಿದರು. ಗುಂಡು ಹೊಡೆದರೆ ಬರೀ ಬೊಟ್ಟಿನಷ್ಟು ತಗ್ಗು. ಅವತ್ತು ನಾವು ಶಿಳ್ಳೆ ಹೊಡೆದು ಕುಣಿದಿದ್ದೆವು. ಆ ಹಲಗೆಗಳನ್ನು ಕಾಯಿಸಿದ ರಿವೆಟ್ಟು, ಅಂದರೆ ದಪ್ಪ ತಲೆಯ ಉಕ್ಕಿನ ಮೊಳೆ, ಬಡಿದು ಜೋಡಿಸುವುದು ನನ್ನ ಕೆಲಸವಾಗಿತ್ತು.

ಆಮೇಲೆ ರಣರಂಗದಿಂದ ಒಂದು ಗಾಡಿ ರಿಪೇರಿಗೆ ಬಂತು. ಹೊರಗೆಲ್ಲ ತಗ್ಗುಗಳು, ಒಂದೂ ತೂತಿಲ್ಲ. ಬಾಗಿಲು ತೆಗೆದರೆ ಸೀಟಿನ ಮೇಲೆ ಒಣಗಿದ ರಕ್ತ. ಮೇಸ್ತ್ರಿಗಳು ಒಳಗೆ ಹೋಗಿ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಅಂಗೈಯಲ್ಲಿ ರಿವೆಟ್ಟಿನ ಮುರಿದ ತಲೆಗಳಿದ್ದವು.

"ನೋಡು ಗದ್ದೆಪ್ಪ, ವೈರಿ ಗುಂಡು ಹೊರಗೇ ಉಳದದ. ಪೆಟ್ಟಿಗೆ ನಮ್ಮ ರಿವೆಟ್ಟಿನ ತಲೀನೇ ಮುರದು ಒಳಗ ಗುಂಡಾಗ್ಯದ" ಅಂದರು.

ನೀನು ಆಗ ಅಂಥದ್ದೇ ಗಾಡಿಯಲ್ಲಿ ಕೂತಿದ್ದೆ.

ರಿವೆಟ್ಟು ಬಿಟ್ಟು ಬೆಸುಗೆ ಹಾಕಬೇಕೆಂದು ಮೇಲಿನವರೂ ಹೇಳಿ ಕಳಿಸಿದರು. ಹೇಳಿದಷ್ಟು ಸುಲಭ ಇರಲಿಲ್ಲ ಮಗನೇ. ಆ ಉಕ್ಕಿಗೆ ಬೆಸೆದರೆ ಆರುವಾಗ ಕೂದಲೆಳೆಯಂಥ ಬಿರುಕು ಬಿಡುತ್ತಿತ್ತು. ಹಲಗೆಯನ್ನು ಮೊದಲೇ ಬೆಚ್ಚಗೆ ಮಾಡಿ ನೋಡಿದೆವು, ಬೆಸೆಯುವ ಕಡ್ಡಿ ಬದಲಿಸಿ ನೋಡಿದೆವು. ನರೆತ ತಲೆಯವನು ಹುಡುಗರ ಸಾಲಿನಲ್ಲಿ ಕೂತು ಹೊಸದಾಗಿ ಕೆಲಸ ಕಲಿತೆ.

ಪರೀಕ್ಷೆಯ ದಿನ ಮೇಸ್ತ್ರಿಗಳು ಕುಂಬಾರರಲ್ಲಿ ಹೋಗಿ ಮಡಕೆ ತಂದರು. ಹಳೆಯ ನಮೂನೆಯದೊಂದು, ಬೆಸೆದದ್ದೊಂದು, ಎರಡೂ ಗಾಡಿಯಲ್ಲಿ ಸಿಪಾಯಿಗಳ ತಲೆ ಬರುವಲ್ಲಿ ನೀರು ತುಂಬಿದ ಮಡಕೆ ಇಟ್ಟರು. ಡ್ರೈವರ್ ಸೀಟಿನ ಮಡಕೆಯನ್ನು ನಾನೇ ಕೈಯಾರೆ ಇಟ್ಟೆ. ಊರಾಚೆಯ ಗುಡ್ಡದ ಬದಿಗೆ ನಿಲ್ಲಿಸಿ ಸಿಪಾಯಿಗಳು ಗುಂಡು ಹಾರಿಸಿದರು.

ಹಳೆಯ ಗಾಡಿಯ ಬಾಗಿಲು ತೆಗೆದರೆ ನೀರು ಮೆಟ್ಟಿಲ ಮೇಲೆ ಹರಿದು ಬಂತು. ಒಳಗೆ ಬರೀ ಒಡೆದ ಬೋಕಿಗಳು. ಬೆಸೆದ ಗಾಡಿಯ ಹತ್ತಿರ ಹೋಗದೆ ನಾನು ಆ ಬೋಕಿಗಳನ್ನೇ ಆರಿಸುತ್ತಾ ನಿಂತೆ.

"ಯಾಕ ನಿಂತೀಯೋ? ನಿನ್ನ ಕೈಕೆಲಸ, ನೀನೇ ತಗಿ" ಎಂದರು ಮೇಸ್ತ್ರಿಗಳು.

ತೆಗೆದೆ. ಎಲ್ಲ ಮಡಕೆಗಳೂ ಇಟ್ಟ ಹಾಗೇ ಇದ್ದವು. ಮೇಸ್ತ್ರಿಗಳು ಡ್ರೈವರ್ ಸೀಟಿನ ಮಡಕೆ ಎತ್ತಿ ಗಟಗಟ ಕುಡಿದು, "ಯಾ ಅಲ್ಲಾ, ಎಷ್ಟು ತಣ್ಣಗದ! ಕುಡಿಯೋ" ಅಂತ ನನ್ನ ಕೈಗೆ ಕೊಟ್ಟರು. ಕುಡಿಯುತ್ತಾ ನಿನ್ನನ್ನೇ ನೆನೆದೆ.

ಆದರೆ ಹೊಸ ಗಾಡಿಗಳು ನಿನ್ನ ಪಡೆಯ ತನಕ ಬಂದು ಮುಟ್ಟುವುದರೊಳಗೆ ಆಗಬಾರದ್ದು ಆಗಿಹೋಗಿತ್ತು. ನಿನ್ನ ಗಲ್ಲ, ತುಟಿ ಹರಿದ ಆ ರಿವೆಟ್ಟನ್ನು ಯಾವ ಕಾರ್ಖಾನೆಯ ಯಾವ ಕೈ ಬಡಿದಿತ್ತೋ, ಯಾರು ಹೇಳಬೇಕು? ನಿನ್ನಂಥವರು ಪೆಟ್ಟು ತಿಂದು ಬಂದದ್ದರಿಂದಲೇ ಆ ದೋಷ ತಿಳಿಯಿತು. ನಿನ್ನ ನಂತರ ಆ ಸೀಟಿನಲ್ಲಿ ಕೂತ ಹುಡುಗರು ಇಡೀ ಮುಖದೊಂದಿಗೆ ತಾಯಂದಿರ ಹತ್ತಿರ ಹೋಗಿದ್ದಾರೆ. ನಿನ್ನ ಮುಖದ ಬಗ್ಗೆ ನನಗೆ ಗೊತ್ತಿರುವುದು ಇದು. ಇದರಲ್ಲಿ ನಾಚಿಕೆಯ ಮಾತು ಎಲ್ಲಿದೆ?

ಮಲ್ಲಟಕ್ಕೆ ಹೋದಾಗ ದುರುಗಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ. ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಒಲೆ ಆರಿಸಿ ಬಂದು ನನ್ನೆದುರು ಕೂತಳು.

"ಮಾವಾ, ನಾ ಅವರ ಗಲ್ಲಕ್ಕ ಲಗ್ನ ಆಗೀನೇನ್ರಿ? ತವರಿಗೆ ಹೋಗಂತ ಹೇಳೋದಿದ್ರ, ಇಲ್ಲಿಗೆ ಬಂದು ನನ್ನ ಮುಂದ ಹೇಳಲಿ. ಬರಲಿಲ್ಲಂದ್ರ ನಾನೇ ಪುಣೆ ರೈಲು ಹತ್ತತೀನಿ, ಹಂಗಂತ ಬರೀರಿ."

ಬರೆದಿದ್ದೇನೆ. ಅವಳು ಹತ್ತುವವಳೇ. ಮೊನ್ನೆ ಸ್ಟೇಷನ್ನಿಗೆ ಬಂದು ರೈಲಿನ ಹೊತ್ತು ವಿಚಾರಿಸಿಕೊಂಡು ಹೋಗಿದ್ದಾಳೆ.

ಮೇಸ್ತ್ರಿಗಳಿಗೂ ನಿನ್ನ ಸುದ್ದಿ ಗೊತ್ತು. "ಕಣ್ಣು ಎರಡೂ ಚಲೋ ಅದಾವಲ್ಲ? ಬಾ ಅನ್ನು. ಈ ಬಸ್ಸು ಅವನೇ ನಡಸಲಿ. ಬಸ್ಸಿನ ಸಾವಕಾರಗ ನಾ ಹೇಳ್ತೀನಿ" ಅನ್ನುತ್ತಾರೆ. ಬಸ್ಸಿಗೆ ಹಸಿರು ಬಣ್ಣ ಬಳಿಯುತ್ತಿದ್ದಾರೆ. ಯುಗಾದಿಗೆ ರಸ್ತೆಗೆ ಇಳಿಯಬೇಕು.

ಡಾಕ್ಟರು ಬಿಟ್ಟ ದಿನವೇ ಹೊರಡು. ಹೊಲದ ಬದುವಿನ ಮೇಲೆ ನಿನ್ನ ಹೆಜ್ಜೆ ಮತ್ತೆ ಮೂಡಲಿ. ನಿನ್ನ ಕೈಗೆ ಬಲ, ಮನಸ್ಸಿಗೆ ತಂಪು, ಮನೆಗೆ ಮಕ್ಕಳ ನಗು ಸಿಗಲಿ.

ನಿನ್ನ ಅಪ್ಪ,
ಗದ್ದೆಪ್ಪ

ತಾ.ಕ.: ಇದನ್ನು ಬರೆಯಬೇಡಿ ಅಂದಿದ್ದಳು ನಿಮ್ಮವ್ವ. ವರ್ಷಗಟ್ಟಲೆ ಉಕ್ಕು ಬಡಿದು ನನ್ನ ಕಿವಿ ಎರಡೂ ಹೋಗಿವೆ, ಮಗನೇ. ಹೋದ ಮಳೆಗಾಲದಿಂದ ಏನೂ ಕೇಳಿಸುವುದಿಲ್ಲ. ಎದುರಿಗೆ ಕೂತವರ ಮುಖ, ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇನೆ. ಮುಖ ತಿರುಗಿಸಿದವರ ಮಾತು ನನ್ನ ಪಾಲಿಗಿಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ, ಬಂದಾಗ ನನ್ನ ಮುಂದೆ ಮುಖ ಮುಚ್ಚಿಕೊಳ್ಳಬೇಡ. ನಿನ್ನ ತುಟಿ ಈಗ ಹೇಗೆ ಹೊರಳಿದರೂ ಸರಿ, ನಿಧಾನಕ್ಕೆ ಕಲಿತುಕೊಳ್ಳುತ್ತೇನೆ.