ಚಿದಂಬರನ ರಿಪೋರ್ಟು

ಫೆಬ್ರವರಿ 15, 2005. ಮಂಗಳವಾರ

ಆಫೀಸಿಗೆ ಘಾಜಿಯಾಬಾದಿನಿಂದ ಹಿಡಿಯುವ ಎಂಟೂ ಹತ್ತರ ಲೋಕಲ್ ಇಪ್ಪತ್ತು ನಿಮಿಷ ಲೇಟು. ಮಂಜು. ಸಾಹಿಬಾಬಾದ್ ದಾಟುವವರೆಗೆ ನಿಂತೇ ಬಂದೆ. ಆಮೇಲೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು. ಹಳಿಯುದ್ದಕ್ಕೂ ಗೋಡೆಗಳ ಮೇಲೆ ಹಕೀಮರ ಜಾಹೀರಾತು. ಗುಪ್ತ ರೋಗ, ಮರ್ದಾನಾ ಕಮ್‌ಜೋರಿ, ಅಂದರೆ ಗಂಡಸುತನದ ದೌರ್ಬಲ್ಯ, ಶಾದಿಗೆ ಮೊದಲು, ಶಾದಿಯ ನಂತರ, ನಿರಾಶರಾಗಬೇಡಿ. ಇಪ್ಪತ್ತೆರಡು ವರ್ಷ ಓದಿ ನಗುತ್ತ ಬಂದವನು. ಈಗ ನಾನು ಓದುವುದನ್ನು ಪಕ್ಕದವನು ನೋಡಿಬಿಟ್ಟಾನು ಎಂದು ಪೇಪರ್ ಅಡ್ಡ ಹಿಡಿಯುತ್ತೇನೆ.

ಶೇವ್ ಮಾಡಿ ನಾಲ್ಕು ದಿನ. ಯಾರೂ ಕೇಳಿಲ್ಲ. ಕೇಳುವಷ್ಟು ಬೆಳೆದೂ ಇಲ್ಲ.

ಊಟ ಆದ ಮೇಲೆ ಫೈಲಿನ ಮೇಲೇ ತೂಕಡಿಕೆ. ತಲೆ ಭಾರ. ಎದ್ದು ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು. ಈ ವಾರ ಮೂರನೇ ಸಲ.

ಸಂಜೆ ಸರಳಾ ತಲೆಗೆ ಮೆಹಂದಿ ಹಾಕಿಕೊಂಡು, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟಿದ್ದಳು. "ಹೇಗಿದೆ ರೀ?" ಎಂದಳು. ಚೆನ್ನಾಗಿದೆ ಎಂದು ಟಿವಿ ಕಡೆ ತಿರುಗಿದೆ. ನಾವು ಗಂಡ ಹೆಂಡತಿಯಂತೆ ಇದ್ದು ಒಂದೂವರೆ ವರ್ಷ ಆಯಿತು. ಬೆನ್ನು ನೋವು ಎಂದು ಹೇಳಿದ್ದೇನೆ. ತನಗೆ ವಯಸ್ಸಾಯಿತು, ಅದಕ್ಕೇ ಹೀಗೆ ಎಂದುಕೊಂಡಿದ್ದಾಳೆ, ಪಾಪ. ಅಲ್ಲ ಕಣೇ, ನನಗೇ ಏನೋ ಆಗಿದೆ ಎನ್ನಲು ಬಾಯಿ ಬರುವುದಿಲ್ಲ. ಹೇಡಿ.

ಫೆಬ್ರವರಿ 19, ಶನಿವಾರ

ಹೋಗಿ ಬಂದೆ.

ನಮ್ಮ ಸರ್ಕಾರಿ ಡಿಸ್ಪೆನ್ಸರಿಗೆ ಹೋಗುವ ಹಾಗಿಲ್ಲ. ಅಲ್ಲಿ ಔಷಧಿ ಕೊಡುವವನೇ ಗುಂಡಣ್ಣ. ಹಾಸನದವನು, ಒಳ್ಳೆಯವನು, ಆದರೆ ಬಾಯಿಗೆ ಬೀಗ ಇಲ್ಲ. ನನಗೆ ಮೂಲವ್ಯಾಧಿ ಆದಾಗ ಕರ್ನಾಟಕ ಸಂಘದ ಗಣೇಶನ ಹಬ್ಬದಲ್ಲಿ ಐದು ಜನ ವಿಚಾರಿಸಿಕೊಂಡಿದ್ದರು. ಆದ್ದರಿಂದ ಮುಖರ್ಜಿ ನಗರ. ಅಲ್ಲಿ ಬರೀ ಐಎಎಸ್ ಓದುವ ಹುಡುಗರು, ನನ್ನ ಗುರುತಿನವರು ಯಾರೂ ಇಲ್ಲ. ಹೊಸ ಮೆಟ್ರೋ ಹತ್ತಿ ವಿಶ್ವವಿದ್ಯಾಲಯದಲ್ಲಿ ಇಳಿದು ಸೈಕಲ್ ರಿಕ್ಷಾ. ಬೋರ್ಡಿನ ಮೇಲೆ ಹಾರ್ಮೋನ್ ಡಾಕ್ಟರು ಎಂದಿತ್ತು. ಒಳಗೆ ಹೋದರೆ ಹೆಂಗಸು! ಡಾಕ್ಟರ್ ಖುರಾನಾ. ಓಡಿ ಬರೋಣ ಅನ್ನಿಸಿತು. ಅಷ್ಟರಲ್ಲಿ ಕೌಂಟರಿನ ಹುಡುಗಿ ಫಾರ್ಮ್ ಕೊಟ್ಟಳು.

ಹೆಸರಿನ ಜಾಗದಲ್ಲಿ ಪೆನ್ನು ನಿಂತಿತು. ಚಿದಂಬರ ಎಂದು ಬರೆದೆ. ಯಾಕೆ ಬಂತೋ ಆ ಹೆಸರು. ಹೈಸ್ಕೂಲಿನಲ್ಲಿ ನಮ್ಮೆಲ್ಲರಿಗಿಂತ ಮೊದಲು ಮೀಸೆ ಬಂದವನು.

ಡಾಕ್ಟರು ಎಲ್ಲ ಕೇಳಿದರು. ಎಲ್ಲ! ಆಸೆ ಇದೆಯಾ, ಎಷ್ಟು ದಿನದಿಂದ ಇಲ್ಲ, ಶೇವ್ ಎಷ್ಟು ದಿನಕ್ಕೊಮ್ಮೆ, ತಲೆನೋವು ಇದೆಯಾ. ಬೆವರು ಇಳಿಯಿತು. ಅವರು ಮಾತ್ರ ನೆಗಡಿ ವಿಚಾರಿಸುವ ಹಾಗೆ ಬರೆದುಕೊಳ್ಳುತ್ತಿದ್ದರು.

"ಅಕ್ಕಪಕ್ಕ ಏನಾದರೂ ತಗಲುತ್ತಾ? ಬಾಗಿಲು, ಜನ?"

ಇಲ್ಲ ಎಂದೆ. ಅದನ್ನೂ ಒಪ್ಪಿಕೊಂಡರೆ ಪೂರ್ತಿ ಮುದುಕ ಆದ ಹಾಗೆ.

ರಕ್ತ ಬೆಳಿಗ್ಗೆ ಎಂಟಕ್ಕೇ ಕೊಡಬೇಕಂತೆ. ಗಂಡಸರ ಹಾರ್ಮೋನು ಬೆಳಿಗ್ಗೆ ಹೆಚ್ಚಿರುತ್ತದಂತೆ. ಜೊತೆಗೆ ಇನ್ನೂ ಎರಡು ಟೆಸ್ಟ್ ಬರೆದಿದ್ದಾರೆ.

ಫೆಬ್ರವರಿ 21, ಸೋಮವಾರ

ಆಡಿಟ್ ಇದೆ ಎಂದು ಸುಳ್ಳು ಹೇಳಿ ಕತ್ತಲಿರುವಾಗಲೇ ಹೊರಟೆ. ರಕ್ತ ಕೊಟ್ಟೆ. ಗುರುವಾರ ರಿಪೋರ್ಟು.

ರಿಕ್ಷಾದಲ್ಲಿ ಬರುವಾಗ ನೆನಪಾಯಿತು. ಹೆಸರು ಸುಳ್ಳು ಬರೆದೆ, ಸರಿ. ವಯಸ್ಸು ನಲವತ್ತೆಂಟು, ನಿಜ. ಊರು ಘಾಜಿಯಾಬಾದ್, ನಿಜ. ಫೋನ್ ನಂಬರ್? ಮನೆಯದೇ ಬರೆದಿದ್ದೇನೆ! ಇಪ್ಪತ್ತೆರಡು ವರ್ಷ ಫಾರ್ಮ್ ತುಂಬಿದ ಕೈ, ತನ್ನಷ್ಟಕ್ಕೆ ಬರೆದುಬಿಟ್ಟಿದೆ. ಹೋಗಲಿ, ಅವರು ಯಾಕೆ ಫೋನ್ ಮಾಡುತ್ತಾರೆ.

ಫೆಬ್ರವರಿ 24, ಗುರುವಾರ

ಹೋಗಲಿಲ್ಲ. ಕೆಲಸ ಇತ್ತು. (ಇರಲಿಲ್ಲ.)

ಮಾರ್ಚ್ 2, ಬುಧವಾರ

ಊಟಕ್ಕೆ ಕೂತಾಗ ಸರಳಾ ಹೇಳಿದಳು. "ಯಾವುದೋ ಕ್ಲಿನಿಕ್ಕಿಂದ ಫೋನ್ ಬಂದಿತ್ತು ರೀ. ಚಿದಂಬರ್ ಜೀ ಹೈ ಕ್ಯಾ ಅಂತ. ರಾಂಗ್ ನಂಬರ್ ಅಂದೆ."

"ಹೌದಾ," ಎಂದೆ. ನೆತ್ತಿಗೆ ಹತ್ತಿ ಕೆಮ್ಮಿದೆ. ನೀರು ಕುಡಿದೆ.

"ಪಪ್ಪಾ ಕೋ ಕ್ಯಾ ಹುವಾ?" ಎಂದಳು ಅಪೂರ್ವ. ಮಗಳಿಗೆ ಹನ್ನೊಂದನೇ ಕ್ಲಾಸಿನ ಪರೀಕ್ಷೆ, ಆದರೂ ಕಣ್ಣು ಎಲ್ಲ ಕಡೆ. ಖಾರ ಎಂದೆ.

ಮಾರ್ಚ್ 5, ಶನಿವಾರ

ಮತ್ತೆ ಫೋನ್. ನಾನು ಸ್ನಾನದಲ್ಲಿದ್ದೆ. ಸರಳಾ ಎತ್ತಿದಳು. ಬಾಗಿಲ ಸಂದಿಯಿಂದ ಕೇಳಿಸಿತು. "ನಹೀ ಭಯ್ಯಾ, ಯಹಾಂ ಕೋಯಿ ಚಿದಂಬರ್ ನಹೀ ಹೈ."

ಸೋಪು ಕಣ್ಣಿಗೆ ಹೋಗಿದ್ದರೂ ಅಲ್ಲಾಡದೆ ನಿಂತಿದ್ದೆ.

ಮಾರ್ಚ್ 11, ಶುಕ್ರವಾರ

ಮೂರನೇ ಫೋನ್. ಈ ಸಲ ಸರಳಾ ಮಾತಾಡಿಸಿದ್ದಾಳೆ.

"ರಿಪೋರ್ಟು ಚೆನ್ನಾಗಿಲ್ವಂತೆ ರೀ. ಡಾಕ್ಟರು ತಕ್ಷಣ ಬರ್ಬೇಕು ಅಂದಿದಾರಂತೆ. ಆ ಮನುಷ್ಯ ನಂಬರ್ ತಪ್ಪು ಬರ್ದು ಹೋಗ್ಬಿಟ್ಟಿದಾನೆ. ನಮ್ಮ ಕಡೆ ಹೆಸರು ಅಲ್ವಾ? ಯಾರಿರಬಹುದು?"

"ತಮಿಳಿನವರೂ ಇಟ್ಟುಕೊಳ್ತಾರೆ," ಎಂದೆ.

"ಯಾರಾದ್ರೇನು. ಅವನ ಹೆಂಡತಿಗೆ ಗೊತ್ತಿದೆಯೋ ಇಲ್ಲವೋ. ಪಾಪ, ಆ ಯಮ್ಮ ಏನೂ ತಿಳೀದೆ ಸಾರು ಕುದಿಸ್ತಾ ಕೂತಿರ್ತಾಳೆ."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಾಲು ತರುತ್ತೇನೆ ಎಂದು ಹೊರಗೆ ಹೋಗಿ ಮದರ್ ಡೇರಿ ಬೂತಿನ ಕಟ್ಟೆಯ ಮೇಲೆ ಕೂತೆ. ರಿಪೋರ್ಟು ಚೆನ್ನಾಗಿಲ್ಲ. ಎಷ್ಟು ಚೆನ್ನಾಗಿಲ್ಲ? ಹಾರ್ಮೋನು ಕಡಿಮೆ ಇದ್ದರೆ ತಕ್ಷಣ ಯಾಕೆ ಬರಬೇಕು? ಕ್ಯಾನ್ಸರಾ? ನಾಳೆ ಹೋಗುತ್ತೇನೆ. ಖಂಡಿತ.

ಮಾರ್ಚ್ 29, ಮಂಗಳವಾರ

ಹೋಗಿಲ್ಲ. ಎರಡು ಸಲ ಕ್ಲಿನಿಕ್ಕಿನ ದಾರಿಯಲ್ಲಿ ಕಶ್ಮೀರಿ ಗೇಟ್‌ವರೆಗೆ ಹೋಗಿ ವಾಪಸು ಬಂದೆ. ಗೊತ್ತಾಗುವವರೆಗೆ ಏನೂ ಇಲ್ಲ ಎನ್ನುವ ಹುಚ್ಚು ಲೆಕ್ಕ ನನ್ನದು.

ಫೋನ್ ಬರುವುದು ನಿಂತಿದೆ. ಅದು ಇನ್ನೂ ಹೆದರಿಕೆ.

ಇವತ್ತು ಆಫೀಸಿನ ಮುಂದೆ ರಸ್ತೆ ದಾಟುವಾಗ ಬಲಗಡೆಯಿಂದ ಬಂದ ಸ್ಕೂಟರ್ ಕಾಣಲೇ ಇಲ್ಲ. ಮೊಣಕೈ ತರಚಿತು, ಅಷ್ಟೇ. ಸ್ಕೂಟರಿನವನು "ಅಂಧೇ ಹೋ ಕ್ಯಾ ಅಂಕಲ್?" ಎಂದು ಕೂಗಿದ. ಕುರುಡ ಅಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ಅವನು ಎಲ್ಲಿಂದ ಬಂದ?

ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ನೇರ ನೋಡುತ್ತ ಎರಡೂ ಕೈ ಪಕ್ಕಕ್ಕೆ ಚಾಚಿ ಬೆರಳು ಆಡಿಸಿದೆ. ಬೆರಳು ಕಾಣಲಿಲ್ಲ. ಕೈ ಮುಂದಕ್ಕೆ ತಂದೆ. ಇನ್ನೂ ಮುಂದಕ್ಕೆ. ಅಯ್ಯೋ ದೇವರೇ.

"ಏನ್ರೀ ಅದು, ಯೋಗಾನಾ?" ಎಂದಳು ಸರಳಾ. ಹೂಂ ಎಂದೆ.

ಏಪ್ರಿಲ್ 10, ಭಾನುವಾರ

ಸಂಘದಲ್ಲಿ ಯುಗಾದಿ ಕಾರ್ಯಕ್ರಮ. ಒಬ್ಬಟ್ಟಿನ ಸಾಲಿನಲ್ಲಿ ಸರಳಾ ಕಂಡಕಂಡವರನ್ನೆಲ್ಲ ಕೇಳುತ್ತಿದ್ದಾಳೆ. "ನಿಮಗೆ ಚಿದಂಬರ ಅನ್ನೋರು ಗೊತ್ತಾ?" ಬೇಡ ಕಣೇ ಎಂದು ಎರಡು ಸಲ ಸೆರಗು ಜಗ್ಗಿದೆ. "ನಿಮಗ್ಯಾಕೆ ಅಷ್ಟು ಸಂಕೋಚ? ಒಂದು ಜೀವದ ಪ್ರಶ್ನೆ," ಎಂದಳು.

ಸಿಕ್ಕೇ ಬಿಟ್ಟರು. ವಸಂತ್ ಕುಂಜ್‌ನ ಚಿದಂಬರ ರಾಯರು. ರಿಟೈರ್ಡ್ ಮೇಷ್ಟ್ರು, ಬಿಳಿ ಜುಬ್ಬ. ಸರಳಾ ಹೇಳುತ್ತ ಹೋದ ಹಾಗೆ ಅವರ ಕೈಯಲ್ಲಿದ್ದ ಎಲೆ ಬಾಗಿ ಒಬ್ಬಟ್ಟು ಕೆಳಗೆ ಬಿತ್ತು.

"ನಾನು ಜನವರಿಯಲ್ಲಿ ಶುಗರಿಗೆ ರಕ್ತ ಕೊಟ್ಟಿದ್ದೆ ತಾಯಿ," ಎಂದರು. "ಏನೂ ಇಲ್ಲ ಅಂದಿದ್ದರು. ಮುಚ್ಚಿಟ್ಟರಾ?"

ಪಕ್ಕದಲ್ಲಿ ಅವರ ಹೆಂಡತಿ ಗಿರಿಜಮ್ಮ ಅವರ ತೋಳು ಹಿಡಿದುಕೊಂಡರು. ನಾನು ಅಲ್ಲೇ ಇದ್ದೆ, ಮೂರಡಿ ದೂರದಲ್ಲಿ. ಕೋಸಂಬರಿ ತಿಂದೆ. ಥೂ, ನನ್ನ ಜನ್ಮಕ್ಕೆ.

ಏಪ್ರಿಲ್ 12, ಮಂಗಳವಾರ

ಗಿರಿಜಮ್ಮ ಫೋನ್ ಮಾಡಿದ್ದರಂತೆ. ರಾಯರು ಎರಡು ದಿನದಿಂದ ಊಟ ಬಿಟ್ಟಿದ್ದಾರೆ. ಮಗನಿಗೆ ಹೇಳಬೇಕಾದ್ದನ್ನೆಲ್ಲ ಕಾಗದದಲ್ಲಿ ಬರೆದಿಡುತ್ತಿದ್ದಾರೆ. ಯಾವ ಕ್ಲಿನಿಕ್ಕು ಹೇಳು ತಾಯಿ, ನಾವೇ ಹೋಗಿ ಕೇಳುತ್ತೇವೆ ಎಂದು ಆಕೆ ಅತ್ತರಂತೆ.

ಸರಳಾ ಸುಮ್ಮನೆ ಕೂರುವವಳಲ್ಲ. ಫೋನಿನ ಪರದೆಯ ಪಟ್ಟಿಯಲ್ಲಿ ಉಳಿದಿದ್ದ ಕ್ಲಿನಿಕ್ಕಿನ ನಂಬರಿಗೆ ತಾನೇ ತಿರುಗಿಸಿ ಮಾತಾಡಿದ್ದಾಳೆ. ರಾಯರಿಗೂ ತಿಳಿಸಿದ್ದಾಳೆ, ನೀವಲ್ಲ, ನಿಶ್ಚಿಂತೆಯಾಗಿರಿ ಎಂದು.

ಇದನ್ನೆಲ್ಲ ನನಗೆ ಬಡಿಸುತ್ತ ಹೇಳಿದಳು. ಮುಖ ನೋಡಲಿಲ್ಲ.

"ಅವರಿಗೆ ಎಪ್ಪತ್ತೊಂದು ವರ್ಷ. ಇವನಿಗೆ ನಲವತ್ತೆಂಟಂತೆ ರೀ."

ಅನ್ನ ಕಲಸಿದೆ.

"ಘಾಜಿಯಾಬಾದಿನವನಂತೆ."

ಇನ್ನೂ ಕಲಸಿದೆ.

"ಫೆಬ್ರವರಿ ಇಪ್ಪತ್ತೊಂದು ಬೆಳಿಗ್ಗೆ ರಕ್ತ ಕೊಟ್ಟನಂತೆ." ಪಾತ್ರೆ ಎತ್ತಿಕೊಂಡಳು. "ಮಜ್ಜಿಗೆ ಹಾಕ್ಲಾ?"

ಹಾಕು ಎಂದೆ.

ಏಪ್ರಿಲ್ 13, ಬುಧವಾರ, ಬೆಳಿಗ್ಗೆ

ಶೂ ಲೇಸ್ ಕಟ್ಟುತ್ತಿದ್ದೆ. ಫೋನ್ ಬಂತು. ಸರಳಾ ಎತ್ತಿದಳು. ಆ ಕಡೆ ಡಾಕ್ಟರ್ ಖುರಾನಾ ಅವರೇ ಇದ್ದಿರಬೇಕು, ಹೆಣ್ಣು ದನಿ ಇಲ್ಲಿಯವರೆಗೆ ಕೇಳುತ್ತಿತ್ತು.

ಸರಳಾ ನನ್ನನ್ನೇ ನೋಡುತ್ತ ಹೇಳಿದಳು. "ಹಾಂ ಜೀ. ಚಿದಂಬರ್ ಜೀ ಕಾ ಹೀ ಘರ್ ಹೈ. ಮೈ ಉನ್ಕೀ ವೈಫ್ ಬೋಲ್ ರಹೀ ಹೂಂ. ಹಮ್ ಆಜ್ ಹೀ ಆ ರಹೇ ಹೈ."

ಇದು ಚಿದಂಬರ ಅವರದೇ ಮನೆ, ನಾನು ಅವರ ಹೆಂಡತಿ, ಇವತ್ತೇ ಬರುತ್ತೇವೆ ಎಂದು ಹೇಳಿ ಫೋನ್ ಇಟ್ಟಳು.

"ಆರು ವಾರ," ಎಂದಳು. "ಆರು ವಾರ ನನ್ನ ಬಾಯಲ್ಲೇ ಇಲ್ಲ ಇಲ್ಲ ಅನ್ನಿಸಿದ್ರಲ್ರೀ. ಇನ್ನೊಬ್ಬರ ಗಂಡ ಅಂತ ಮರುಗ್ತಾ ಇದ್ದೆ." ಆಮೇಲೆ ಒಳಗೆ ಹೋಗಿ ಅತ್ತಳು. ಆಮೇಲೆ ಬಂದು ಚಪ್ಪಲಿ ಮೆಟ್ಟಿಕೊಂಡಳು.

ಅದೇ ದಿನ, ಸಂಜೆ

ಡಾಕ್ಟರು ಬೈದರು. ಚೆನ್ನಾಗಿ ಬೈದರು. ಆಮೇಲೆ ಸಮಾಧಾನವಾಗಿ ಹೇಳಿದರು. ಗಂಡಸರ ಹಾರ್ಮೋನು ಮುನ್ನೂರರ ಹತ್ತಿರವಾದರೂ ಇರಬೇಕು, ನನ್ನದು ತೊಂಬತ್ತು. ಇನ್ನೊಂದು ಹಾರ್ಮೋನು ಇಪ್ಪತ್ತರೊಳಗೆ ಇರಬೇಕು, ಅದು ಎರಡು ಸಾವಿರ ದಾಟಿದೆ. ಮೂಗಿನ ಹಿಂದೆ, ಮೆದುಳಿನ ಬುಡದಲ್ಲಿ ಒಂದು ಗ್ರಂಥಿ. ಅಲ್ಲಿ ಗಡ್ಡೆ ಬೆಳೆದಿರಬೇಕು. ಆ ಗಡ್ಡೆಯೇ ಎರಡನೆಯದನ್ನು ಏರಿಸಿ ಗಂಡಸರ ಹಾರ್ಮೋನನ್ನು ಇಳಿಸಿದೆ. ಕ್ಯಾನ್ಸರ್ ಥರ ಅಲ್ಲ, ವಾರಕ್ಕೆರಡು ಮಾತ್ರೆಗೇ ಎಷ್ಟೋ ಜನಕ್ಕೆ ಕರಗುತ್ತದಂತೆ. ಬೇಕಾದರೆ ಆಮೇಲೆ ಗಂಡಸರ ಹಾರ್ಮೋನಿನ ಇಂಜೆಕ್ಷನ್.

"ಮತ್ತೆ ಕಣ್ಣು?" ಎಂದಳು ಸರಳಾ. ಬಾಗಿಲಿಗೆ ಬಡಿಯುವುದು, ಮೊಣಕೈ ತರಚಿದ್ದು, ಯೋಗ, ಎಲ್ಲ ಅವಳೇ ಹೇಳಿದಳು. ಮೊಣಕೈ ಗಾಯ ಯಾವಾಗ ನೋಡಿದಳೋ.

ಡಾಕ್ಟರ ಮುಖ ಬದಲಾಯಿತು. ಪಕ್ಕದ ಕಣ್ಣಿನ ಕ್ಲಿನಿಕ್ಕಿಗೆ ಆಗಲೇ ಕಳಿಸಿದರು. ಒಂದು ಬಟ್ಟಲಿನಂಥ ಮೆಷಿನ್ ಒಳಗೆ ತಲೆ ಇಟ್ಟು, ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಎಷ್ಟೋ ಹೊತ್ತು ಏನೂ ಬರಲಿಲ್ಲ. ಮೆಷಿನ್ ಕೆಟ್ಟಿದೆ ಎಂದುಕೊಂಡೆ.

ಕೆಟ್ಟಿರಲಿಲ್ಲವಂತೆ. ಬೆಳಕು ಬರುತ್ತಲೇ ಇತ್ತಂತೆ.

ಗಡ್ಡೆ ಕಣ್ಣಿನ ನರ ಒತ್ತುತ್ತಿದೆ. ಕಳೆದದ್ದು ಎಷ್ಟು ವಾಪಸು ಬರುತ್ತದೋ ಹೇಳಲಾಗುವುದಿಲ್ಲ, ಬೇಗ ಬಂದಿದ್ದರೆ ಚೆನ್ನಾಗಿತ್ತು ಎಂದರು. ಸರಳಾ ನನ್ನ ಕಡೆ ನೋಡಲಿಲ್ಲ. ಕೈ ಮಾತ್ರ ಬಿಡಲಿಲ್ಲ.

ಏಪ್ರಿಲ್ 15, ಶುಕ್ರವಾರ

ಎಂಆರ್‌ಐಗೆ ಸರ್ಕಾರಿ ಖರ್ಚು ಸಿಗಲು ಡಿಸ್ಪೆನ್ಸರಿಯ ಚೀಟಿ ಬೇಕು. ಚಿದಂಬರನ ರಿಪೋರ್ಟು ನಡೆಯುವುದಿಲ್ಲ, ಅದು ನನ್ನ ರಕ್ತ ಎಂದು ನಂಬುವವರು ಯಾರು? ಡಾಕ್ಟರು ನನ್ನ ಹೆಸರಿನಲ್ಲಿ ಹೊಸದಾಗಿ ಬರೆದುಕೊಟ್ಟರು. ಡಿಸ್ಪೆನ್ಸರಿಗೆ ಹೋದೆ. ಗುಂಡಣ್ಣ ಕಾಗದ ಓದಿದ. ಇನ್ನೊಂದು ಸಲ ಓದಿದ. ಎದ್ದು ತಾನೇ ಒಳಗೆ ಹೋಗಿ ಸೀಲು ಹಾಕಿಸಿಕೊಂಡು ಬಂದ.

"ನಾಳೆ ನಾನೂ ಬರ್ಲಾ ಶಂಕ್ರಪ್ಪ?" ಎಂದ. ಬೇರೆ ಏನೂ ಕೇಳಲಿಲ್ಲ.

ಈ ಮನುಷ್ಯನಿಗೆ ಹೆದರಿ ನನ್ನ ಕಣ್ಣು ಕಳೆದುಕೊಂಡೆನಾ?

ಏಪ್ರಿಲ್ 16, ಶನಿವಾರ, ಬೆಳಿಗ್ಗೆ ಎಂಟೂವರೆ

ಎಂಆರ್‌ಐ ಸೆಂಟರಿನ ಬೆಂಚು. ನನಗಿಂತ ಮುಂದೆ ಒಬ್ಬರು ಇದ್ದಾರೆ. ಒಳಗಿಂದ ಗೋಡೆ ಕೊರೆಯುವಂಥ ಶಬ್ದ. ಅದರೊಳಗೆ ಮಲಗಬೇಕು, ಅಲ್ಲಾಡಬಾರದು. ಹೆದರಿಕೆ ಆಗುತ್ತಿದೆ. ಬರೆದುಬಿಡುತ್ತೇನೆ, ತುಂಬಾ ಹೆದರಿಕೆ ಆಗುತ್ತಿದೆ.

ಫಾರ್ಮ್ ಸರಳಾ ತುಂಬಿದಳು. ನನ್ನ ಕೈಗೆ ಪೆನ್ನು ಕೊಡಲೇ ಇಲ್ಲ. ಹೆಸರಿನ ಜಾಗದಲ್ಲಿ ಶಂಕರಪ್ಪ ಎಂದು ಬರೆದು, ಅಪ್ಪನ ಹೆಸರು, ಊರಿನ ಹೆಸರು, ಇದ್ದಬದ್ದದ್ದನ್ನೆಲ್ಲ ಜಾಗ ಸಾಲದಷ್ಟು ಬರೆದಳು. ಫೋನ್ ನಂಬರಿನ ಕೆಳಗೆ ಎರಡು ಗೆರೆ ಎಳೆದಳು.

ಲೋಹದ್ದು ಏನೂ ಇರಬಾರದಂತೆ. ಉಂಗುರ, ವಾಚು, ಬೆಳ್ಳಿ ಉಡಿದಾರ ಬಿಚ್ಚಿ ಕೊಟ್ಟೆ. ಕರ್ಚೀಫಿನಲ್ಲಿ ಗಂಟು ಕಟ್ಟಿ ಬ್ಯಾಗಿಗೆ ಹಾಕಿಕೊಂಡಳು. ಕೈ ಚಾಚಿಯೇ ಇದ್ದಾಳೆ.

"ಅದನ್ನೂ ಕೊಡಿ," ಎಂದಳು. ಈ ಡೈರಿ.

ಇದರಲ್ಲಿ ಎಲ್ಲ ಇದೆ. ಹಸಿರು ಸೀರೆ, ಸಾರು, ನಾನು ತಿಂದ ಕೋಸಂಬರಿ. ಹದಿನೇಳು ವರ್ಷದಿಂದ ಡೈರಿ ಬರೆದು ಬೀಗ ಹಾಕಿಟ್ಟವನು. "ಓದ್ತೀಯಾ?" ಎಂದೆ. "ನೀವು ಓದು ಅಂದ್ರೆ," ಎಂದಳು.

ಶಬ್ದ ನಿಂತಿತು. ಬಾಗಿಲು ತೆಗೆದರು. ಶಂಕರಪ್ಪ ಎಂದು ಕೂಗುತ್ತಿದ್ದಾರೆ. ಸರಳಾ, ಮೊದಲನೇ ಪುಟದಿಂದ ಬೇಡ, ಫೆಬ್ರವರಿ ಹದಿನೈದರಿಂದ