ಗುಲ್ಸುನ್ ಎತ್ತದ ಏಳು ಕರೆಗಳು

ನರೀನ್, ಜನವರಿ ೧೬

ದೂರವಾಣಿ ಕಚೇರಿಯ ಅಧಿಕಾರಿಗಳಿಗೆ,

ನಾನು ಉರ್ಕುಯಾ. ಮೂವತ್ತು ವರ್ಷಗಳಿಂದ ಈ ಊರಿಗೆ ಕಲ್ಲಿದ್ದಲಿನ ಒಲೆ ಮಾರುತ್ತಿರುವವಳು. ನನ್ನ ಮಾತನ್ನು ಯಾರೂ ತಳ್ಳಿಹಾಕಿದ್ದಿಲ್ಲ.

ಅಂಗಡಿಯ ಸಂಖ್ಯೆಗೆ ಅಂಟಿದ ‘ಸ್ಪ್ಯಾಮ್’ ಹಣೆಪಟ್ಟಿ ತೆಗೆಯಿರೆಂದು ಬರೆದಿದ್ದೆ. ಅದು ಅಂಟಿದ್ದು ನನ್ನಿಂದಲೇ. ರಿಯಾಯಿತಿ ಸಾರಲು ಊರಿಗೆಲ್ಲ ದಿನವೂ ಕರೆ ಮಾಡಿಸಿದ್ದೆ. ಆಮೇಲೆ ಹೊಸ ಒಲೆಗಳ ಹೊಗೆಕೊಳವೆ ಸೋರುತ್ತದೆಂದು ತಿಳಿಯಿತು. ಕೊಂಡವರನ್ನು ಎಚ್ಚರಿಸಲು ಕರೆ ಮಾಡಿದೆ, ಅವರಲ್ಲೊಬ್ಬಳಾದ ಗುಲ್ಸುನ್‌ಗೆ ಏಳು ಸಲ. ಹಣೆಪಟ್ಟಿ ಕಂಡು ಅವಳು ಎತ್ತಲೇ ಇಲ್ಲ. ಎಂಟನೆಯದನ್ನು ಅವಳ ನೆರೆಯವಳು ಎತ್ತಿದಳು.

“ಇನ್ನೊಂದು ಒಲೆ ಮಾರೋಕಾ, ಉರ್ಕುಯಾ ಅಪಾ? ಅವ್ಳು ಹೊಗೇಲಿ ಉಸಿರುಗಟ್ಟಿ ಹೋದ್ಲು.”

ಫೋನು ಹಿಡಿದರೆ ಬೆರಳು ಈಗಲೂ ಅವಳ ಸಂಖ್ಯೆಯನ್ನೇ ಒತ್ತುತ್ತದೆ. ಹಣೆಪಟ್ಟಿ ತೆಗೆಯುವುದು ಬೇಡ. ಅಂಗಡಿಯ ಆ ಸಂಖ್ಯೆಯನ್ನೇ ರದ್ದುಮಾಡಿಸಿದ್ದೇನೆ. ಮತ್ತೆ ಯಾರಿಗೂ ಕೊಡಬೇಡಿ. ಆ ಒಲೆ ಕೊಂಡ ಉಳಿದ ನಲವತ್ತೊಂದು ಮನೆಗಳ ಬಾಗಿಲುಗಳನ್ನು ನಾನೇ ತಟ್ಟಿ, ಕೊಳವೆ ಬದಲಿಸಿ ಬಂದಿದ್ದೇನೆ.

ಉರ್ಕುಯಾ