ಮೂವತ್ತೊಂದನೇ ನಂಬರಿನ ಟ್ಯೂಬು

ಬ್ಯಾಡಗಿ
೧೮ ಜನವರಿ ೨೦೨೬, ರವಿವಾರ

ಮಗಳಂಥ ಪ್ರೀತಿಯ ಸೊಸೆ ಅಫ್ರೀನಳಿಗೆ,

ನಿನ್ನ ಮಾವ ಮಹಮ್ಮದಗೌಸ ಮಾಡುವ ಸಲಾಮು, ಮನಸಾರೆ ದುವಾ.

ಹೇಗಿದ್ದೀ ತಾಯಿ? ಬೀಜದ ಕಂಪನಿಯಲ್ಲಿ ದಿನವಿಡೀ ನಿಂತು ಪಾಕೀಟು ತುಂಬುವ ಕೆಲಸ, ಸೊಂಟದ ನೋವು ಈಗಲಾದರೂ ಇಳಿಯಿತೇ? ಮಧ್ಯಾಹ್ನದ ಊಟ ಬಿಡುತ್ತೀಯಂತೆ, ಮಗ ಅಸ್ಲಮ್ ಹೇಳಿದ. ನೀನು ಎಷ್ಟು ಮುಚ್ಚಿಟ್ಟರೂ ಅವನು ಲಾರಿ ಓಡಿಸುವವನು, ಕನ್ನಡಿಯಲ್ಲಿ ಹಿಂದಿನದೂ ಕಾಣುತ್ತದೆ ಅವನಿಗೆ. ಊಟ ಬಿಡಬೇಡ. ನಿನ್ನ ಆಪಾ ಫರ್ಹಾನಾ ಆರಾಮ ಇದ್ದಾಳೆಯೇ? ಅವಳ ಕೂಸು ಗೋಡೆ ಹಿಡಿದು ನಿಲ್ಲುತ್ತಾನೆಂದು ಕೇಳಿ ಸಂತೋಷವಾಯಿತು. ಇಲ್ಲಿ ನಿನ್ನ ಅತ್ತೆ ಕುಲ್ಸುಮಬಿಗೆ ಮೊಣಕಾಲು ನೋವು, ನನಗೆ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಲು ಮಿಸ್ಬಾಳನ್ನೇ ಕರೆಯುತ್ತೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಮನೆಯಲ್ಲಿ ನಾನು ಫೋನು ಹಿಡಿದರೆ ಕುಲ್ಸುಮಬಿಯ ಕಿವಿ ಅದರ ಇನ್ನೊಂದು ಬದಿಗೆ ಇರುತ್ತದೆ, ನಿನಗೆ ಗೊತ್ತಲ್ಲ. ಅದೂ ಅಲ್ಲದೆ ಈ ಸಲದ ಮಾತು ನನ್ನ ಬಾಯಿಂದ ಹೊರಡುತ್ತಿಲ್ಲ. ಮಂಗಳವಾರದಿಂದ ಕಾಗದ ಹಿಡಿದು ಕೂರುತ್ತೇನೆ, ಏಳುತ್ತೇನೆ.

ಮೊದಲು ನಿನ್ನ ಮಗಳು ಮಿಸ್ಬಾಳ ಸುದ್ದಿ. ಮುಂದಿನ ಹಲ್ಲು ಬಿದ್ದಿದೆ. ಅದನ್ನು ನಿನಗೆ ತೋರಿಸಬೇಕೆಂದು ನನ್ನ ಗುಂಡಿಗಳ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಹೋದ ವಾರ ಗಿರಾಕಿಯೊಬ್ಬರ ಜಂಪರಿಗೆ ಗುಂಡಿ ಹುಡುಕುವಾಗ ಹಲ್ಲು ಕೈಗೆ ಬಂದು, ಆ ಹೆಣ್ಣುಮಗಳು ಹೌಹಾರಿದಳು. ಒಂದನೇ ಇಯತ್ತೆಯಲ್ಲಿ ಅಕ್ಷರ ಚೆನ್ನಾಗಿ ಬರೆಯುತ್ತಾಳೆ. ಅವಳ ಅಂಗಿಗಳನ್ನು ನಾನು ಇನ್ನೂ ಹೊಲಿಗೆ ಹೊರಗೆ ಮಾಡಿಯೇ ಹೊಲಿಯುತ್ತೇನೆ, ಒಳಗಿನ ಅಂಚು ತಿಕ್ಕಿ ಮೈ ಕೆಂಪಾಗಬಾರದೆಂದು. ಶಾಲೆಯಲ್ಲಿ ಹುಡುಗರು 'ಉಲ್ಟಾ ಅಂಗಿ' ಎಂದು ಕಾಡಿಸುತ್ತಾರಂತೆ. 'ನಮ್ಮ ದಾದಾಗ ಕಣ್ಣು ಕಾಣೂದಿಲ್ಲ, ಅದಕ್ಕ ಹಂಗ ಹೊಲದಾನ' ಎಂದು ಇವಳ ಉತ್ತರ. ನಲವತ್ತು ವರ್ಷದ ಟೇಲರನ ಮಾನ ಮೊಮ್ಮಗಳೇ ಕಳೆದಳು. ಆದರೆ ಇಸಬು ಮರಳಿ ಬಂದಿದೆ ಅಫ್ರೀನ. ಮೊಣಕೈ ಮಡಿಕೆ, ಮೊಣಕಾಲಿನ ಹಿಂದೆ, ಕುತ್ತಿಗೆ. ಇವತ್ತು ಬೆಳಿಗ್ಗೆ ತುರಿಕೆ ಎಷ್ಟವ್ವಾ ಎಂದು ಕೇಳಿದರೆ ಏಳು ಬೆರಳು ತೋರಿಸಿದಳು.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಹಿಂದಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅಂಗಿ ಎಲ್ಲಿ ಕೆಟ್ಟಿತೆಂದು ತಿಳಿಯಲು ಮೊದಲ ಹೊಲಿಗೆಯಿಂದ ನೋಡುವುದು ನನ್ನ ರೂಢಿ. ಹೋದ ವರ್ಷ ಫೆಬ್ರುವರಿಯಲ್ಲಿ ಹಾವೇರಿಯ ದವಾಖಾನೆಯಲ್ಲಿ ನೀನು, ಅಸ್ಲಮ್ ಸಹಿ ಮಾಡಿದಿರಿ. ಮಕ್ಕಳ ಇಸಬಿಗೆ ಹೊಸ ಮುಲಾಮು ಬಂದಿದೆ, ಅದು ಖರೇ ಕೆಲಸ ಮಾಡುತ್ತದೆಯೇ ಎಂದು ಸಂಶೋಧನೆ ಮಾಡುತ್ತಿದ್ದೇವೆ ಎಂದರು ದ್ರಾಕ್ಷಾಯಿಣಿ ಡಾಕ್ಟರು. ಕೆಲವು ಮಕ್ಕಳಿಗೆ ಔಷಧ ಇರುವ ಟ್ಯೂಬು, ಕೆಲವರಿಗೆ ಔಷಧ ಇಲ್ಲದ ಬರೀ ಮುಲಾಮು, ಹೊರಗಿನಿಂದ ಎರಡೂ ಒಂದೇ. 'ಯಾರಿಗೆ ಯಾವುದು ಹೋಗೇತಿ ಅನ್ನೂದು ನನಗೂ ಗೊತ್ತಿಲ್ರಿ, ಎಲ್ಲಾ ಮಕ್ಕಳದೂ ಮುಗಿದ ಮ್ಯಾಲೆ ಗುಟ್ಟು ಬಿಚ್ಚತಾರ' ಎಂದರು. ನಮಗೆ ಬಂದದ್ದು ಮೂವತ್ತೊಂದನೇ ನಂಬರು. ಡಾಕ್ಟರಿಗೇ ಗೊತ್ತಿಲ್ಲದ ಔಷಧ ಎಂಥದ್ದು ಎಂದು ನಿನ್ನ ಅತ್ತೆ ಬಸ್ಸಿನಲ್ಲಿ ಮೋಟೆಬೆನ್ನೂರು ದಾಟುವವರೆಗೂ ಗೊಣಗಿದಳು. ಪುಕ್ಕಟೆ ಕೊಟ್ಟದ್ದರಲ್ಲಿ ಔಷಧ ಎಲ್ಲಿಂದ ಬರಬೇಕು, ನಮ್ಮದು ಬರೀ ಮುಲಾಮೇ ಇರಬೇಕು ಎಂದು ತೀರ್ಮಾನ ಕೊಟ್ಟವನು ಮಾತ್ರ ನಾನು.

ಹಚ್ಚುವ ಕೆಲಸ ನನಗೆ ಬಂತು. ಅದು ಸುಗ್ಗಿಯ ಕಾಲ, ನೀನೂ ಕುಲ್ಸುಮಬಿಯೂ ಬೆಳಗಿನಿಂದ ಸಂಜೆವರೆಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಿರಿ. ಸಂಜೆ ಮನೆಗೆ ಬಂದು ನೀನು ಮೊದಲು ಎಣ್ಣೆ, ಆಮೇಲೆ ಹುಣಸೆ ನೀರು, ಆಮೇಲೆ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಹಿತ್ತಲಲ್ಲಿ ಕೂರುತ್ತಿದ್ದೆ. ಮಿಸ್ಬಾ ಓಡಿ ಬಂದರೆ ಎರಡೂ ಕೈ ಮೇಲೆತ್ತಿ, ಮೊಣಕೈಯಿಂದ ಅವಳನ್ನು ಅಪ್ಪಿಕೊಳ್ಳುತ್ತಿದ್ದೆ. ಆ ಚಿತ್ರ ನನ್ನ ಕಣ್ಣಿಂದ ಹೋಗುವುದಿಲ್ಲ. ಮನೆಯಲ್ಲಿ ಖಾರ ಮುಟ್ಟದ ಕೈ ಎಂದರೆ ನನ್ನದೊಂದೇ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಹಚ್ಚಬೇಕು, ಹಚ್ಚಿದಾಗೊಮ್ಮೆ ಕಾರ್ಡಿನಲ್ಲಿ ಟಿಕ್ಕು ಹಾಕಬೇಕು, ತುರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿ ಕೊಡಬೇಕು. ಆಗಲೇ ಮಿಸ್ಬಾ ಬೆರಳು ತೋರಿಸುವುದನ್ನು ಕಲಿತದ್ದು. ಬಳಸಿದ ಟ್ಯೂಬುಗಳನ್ನೂ ಮರಳಿ ಒಯ್ಯಬೇಕು, ಎಷ್ಟು ಹಚ್ಚಿದ್ದೇವೆಂದು ತಿಳಿಯಲು ದವಾಖಾನೆಯ ಸುಶ್ಮಿತಾ ಎಂಬ ಹುಡುಗಿ ಒಂದೊಂದನ್ನೂ ತೂಕಕ್ಕೆ ಹಾಕುತ್ತಿದ್ದಳು. ತೂಕದ ಕಾಟ ಮಾರ್ಕೆಟ್ಟಿನಲ್ಲಿ ಮಾತ್ರ ಎಂದುಕೊಂಡಿದ್ದೆ ಎಂದು ನಾನು ಚೇಷ್ಟೆ ಮಾಡಿದ್ದೆ.

ಆ ತಿಂಗಳ ಕೊನೆಗೆ ಫರ್ಹಾನಾಳ ಹೆರಿಗೆಯಾಯಿತು. ತಾಯಿಯಿಲ್ಲದ ಅಕ್ಕತಂಗಿಯರು, ಬಾಣಂತನಕ್ಕೆ ನೀನೇ ಹೋದೆ. ನೀನು ಹೋದ ಮೇಲೆ ಮಿಸ್ಬಾಳ ಮೈ ದಿನದಿಂದ ದಿನಕ್ಕೆ ತಿಳಿಯಾಯಿತು. ಹತ್ತು ಬೆರಳು ತೋರಿಸುತ್ತಿದ್ದವಳು ಆರು, ನಾಲ್ಕು, ಎರಡಕ್ಕೆ ಬಂದಳು. ಒಂದು ದಿನ ಮುಷ್ಟಿ ಮುಚ್ಚಿ ತೋರಿಸಿ ನಕ್ಕಳು. ರಂಜಾನಿನ ಇಪ್ಪತ್ತೊಂದನೇ ರೋಜಾದ ದಿನ ನೀನು ಮರಳಿ ಬಂದೆ, ಮಗಳನ್ನು ಎತ್ತಿ ಎದೆಗೆ ಹಾಕಿಕೊಂಡು ಅತ್ತೆ. ಮರುದಿನ ಅವಳ ಮೈಯೆಲ್ಲ ಕೆಂಡದಂತೆ ಎದ್ದಿತು. 'ಅಕಿ ಕೈ ಹತ್ತಿದ ದಿನಾನ ಎದ್ದೈತಿ ನೋಡ್ರಿ, ವರ್ಷಾನುಗಟ್ಟಲೆ ಖಾರ ಹಿಡದ ಕೈ ಅದು' ಎಂದಳು ಕುಲ್ಸುಮಬಿ. ಅವಳು ಕೆಟ್ಟವಳಲ್ಲ, ಕಂಡದ್ದನ್ನು ಹೇಳಿದಳು. ನೀನು ನನ್ನ ಮುಖ ನೋಡಿದೆ. ನಾನು ಮಷೀನಿನಿಂದ ತಲೆ ಎತ್ತದೆ, 'ಸ್ವಲ್ಪ ದಿನ ನಿಮ್ಮ ಆಪಾನ ಕಡೆ ಇರವಾ, ಕೂಸು ದೊಡ್ಡದೋ ನಾವು ದೊಡ್ಡವರೋ?' ಎಂದೆ. ನೀನು ಚೀಲ ತುಂಬಿಕೊಂಡೆ. ಮರುದಿನ ಮುಂಜಾನೆಯ ಬಸ್ಸಿಗೆ ಹೋದೆ. ಆ ಸ್ವಲ್ಪ ದಿನಕ್ಕೆ ಈಗ ಹತ್ತು ತಿಂಗಳು.

ಬಕ್ರೀದಿಗೆ ಬಂದಾಗ ನೀನು ಹೊಸ್ತಿಲ ಬಳಿಯೇ ಕುಳಿತೆ, ಕೈಗಳನ್ನು ದುಪಟ್ಟಾದ ಒಳಗೆ ಇಟ್ಟುಕೊಂಡು. ತೊಟ್ಟು ಬಿಡಿಸುವ ಕೆಲಸ ಬಿಟ್ಟು ಮೂರು ತಿಂಗಳ ಮೇಲಾಗಿತ್ತು ನಿನಗೆ. ಆದರೂ ಶೀರ್ಕುರ್ಮಾವನ್ನು ಉದ್ದನೆಯ ಚಮಚದಲ್ಲಿ, ದೂರದಿಂದ, ಮಗಳ ಬಾಯಿಗೆ ಹಾಕಿದೆ. ನಾನು ಒಳಗೆ ಹೋಗಿ ಅತ್ತೆ. ಹೊರಗೆ ಬಂದು ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ಜೂನಿನಲ್ಲಿ ನಾಲ್ಕು ತಿಂಗಳು ತುಂಬಿ ಟ್ಯೂಬು ಕೊಡುವುದು ನಿಂತಿತು. ದೀಪಾವಳಿಯ ಹೊತ್ತಿಗೆ, ಮೆಣಸಿನಕಾಯಿ ಇನ್ನೂ ಗಿಡದಲ್ಲೇ ಇದ್ದಾಗ, ಮನೆಯಲ್ಲಿ ಖಾರ ಮುಟ್ಟುವ ಕೈ ಒಂದೂ ಇಲ್ಲದಿದ್ದಾಗ, ಇಸಬು ಮರಳಿ ಎದ್ದಿತು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಊರಿಗೆಲ್ಲ ಹೇಳುವವನು ನಾನು.

ಈಗ ಮಂಗಳವಾರದ ಮಾತು. ಎಲ್ಲ ಊರುಗಳ ಮಕ್ಕಳದೂ ಮುಗಿದು ಗುಟ್ಟು ಬಿಚ್ಚಿದ್ದಾರೆ, ಬರ್ರಿ ಎಂದು ಸುಶ್ಮಿತಾ ಫೋನು ಮಾಡಿದ್ದಳು. ಮಿಸ್ಬಾಳನ್ನು ಕರೆದುಕೊಂಡು ನಾನೊಬ್ಬನೇ ಹಾವೇರಿಗೆ ಹೋದೆ. ದ್ರಾಕ್ಷಾಯಿಣಿ ಡಾಕ್ಟರು ಒಂದು ಕಾಗದ ಮುಂದಿಟ್ಟು, 'ನಿಮ್ಮ ಮೂವತ್ತೊಂದನೇ ನಂಬರಿನ್ಯಾಗ ಖರೇ ಔಷಧಾನ ಇತ್ರಿ ಅಜ್ಜಾರ' ಎಂದರು. ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದರು. ಮಿಸ್ಬಾ ಹೋದ ವರ್ಷ ಹುಷಾರಾದದ್ದು ನೀನು ಮನೆಯಲ್ಲಿ ಇರಲಿಲ್ಲವೆಂದಲ್ಲ ತಾಯಿ, ಮುಲಾಮಿನಿಂದ. ಆಗ ನಾನು ನಿನ್ನ ಕೈಯ ವಿಷಯ ತೆಗೆದೆ, ಹತ್ತು ತಿಂಗಳಿಂದ ನಿನ್ನನ್ನು ಅಕ್ಕನ ಮನೆಯಲ್ಲಿ ಇರಿಸಿದ್ದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. 'ಖಾರದ ಕೈ ತಾಗಿದ್ರ ಸ್ವಲ್ಪ ಹೊತ್ತು ಉರೀತೇತ್ರಿ, ಸಾಬೂನು ಹಚ್ಚಿ ತೊಳದ್ರ ಮುಗೀತು. ಇಸಬು ತಾಯಿ ಕೈಯಿಂದ ಬರೂದಲ್ಲ. ಆ ಹೆಣಮಗಳನ್ನ ಹತ್ತು ತಿಂಗಳು ಯಾಕ ದೂರ ಇಟ್ರಿ?' ಎಂದು ಕೇಳಿದರು. ಅಷ್ಟರಲ್ಲಿ ಮಿಸ್ಬಾ ನಡುವೆ ಬಾಯಿ ಹಾಕಿ, 'ನಮ್ಮ ಅಮ್ಮಿ ಕೈಯಾಗ ಖಾರ ಐತ್ರಿ' ಎಂದು ತಿಳಿಸಿ ಹೇಳಿದಳು. ತನ್ನ ಹೆಸರು, ಊರು ಹೇಳುವಷ್ಟು ಸಲೀಸಾಗಿ ಹೇಳಿದಳು. ನಾವು ಮನೆಯಲ್ಲಿ ಕಲಿಸಿದ ಪಾಠ ಅದು.

'ಹಾಗಾದರೆ ನಾನು ಬಂದ ಮರುದಿನವೇ ಯಾಕೆ ಎದ್ದಿತು?' ಎಂದು ನೀನು ಕೇಳುತ್ತೀ. ಕೇಳಬೇಕಾದ್ದೇ. ಈ ರೋಗಕ್ಕೆ ಅದರದೇ ಏರಿಳಿತ ಇರುತ್ತದಂತೆ. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದುಕೋ. ಬರುವ ಬುಧವಾರ ಮಿಸ್ಬಾಳನ್ನು ಮತ್ತೆ ಹಾವೇರಿಗೆ ಕರೆದಿದ್ದಾರೆ. ಸಂಶೋಧನೆಯಲ್ಲಿದ್ದ ಮಕ್ಕಳಿಗೆ ಅದೇ ಮುಲಾಮನ್ನು ಈಗ ಗುಟ್ಟಿಲ್ಲದೆ ಕೊಡುತ್ತಾರಂತೆ. ಈ ಸಲ ಹಚ್ಚುವ ಕೈ ನಿನ್ನದಾಗಬೇಕೆಂದು ನನ್ನ ಆಸೆ. ಕಂಪನಿಯಲ್ಲಿ ರಜೆ ಕೇಳು, ಕೊಡದಿದ್ದರೂ ಬಾ. ಕುಲ್ಸುಮಬಿಗೆ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವಳು ಎದ್ದು ಹಿತ್ತಲಿಗೆ ಹೋದಳು, ನೀನು ಕೈ ಅದ್ದುತ್ತಿದ್ದ ಬೋಗುಣಿಯನ್ನು ತಿಕ್ಕಿ ತೊಳೆದು ಬೋರಲು ಹಾಕಿ ಬಂದಳು.

ಫರ್ಹಾನಾಳಿಗೂ ಅವಳ ಯಜಮಾನರಿಗೂ ಸಲಾಮು ತಿಳಿಸು, ಕೂಸಿನ ಹಣೆಗೆ ನನ್ನದೊಂದು ಮುತ್ತು. ಅವನಿಗೆ ಎರಡು ಜಬಲಾ ಹೊಲಿದು ಕಳಿಸಿದ್ದೇನೆ. ಅಲ್ಲಾಹನು ನಿನ್ನನ್ನು ಆರಾಮವಾಗಿ ಇಟ್ಟಿರಲಿ, ನಿನ್ನ ಮಗಳ ಬಳಿಗೆ ಲಗೂ ತಲುಪಿಸಲಿ.

ನಿನ್ನ ಮಾವ,
ಮಹಮ್ಮದಗೌಸ

ತಾ.ಕ.: ಈ ಪತ್ರ ನಿನಗೆ ಮುಟ್ಟಿಸಲು ಅಸ್ಲಮ್ ಲಾರಿ ಚಾಲೂ ಮಾಡಿ ಹಾರ್ನು ಹೊಡೆಯುತ್ತಿದ್ದಾನೆ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಕಾಗೆ, ಟೊಂಗೆ ಎಂದು ಮೇಲೆ ಬರೆದದ್ದು ಸುಳ್ಳು. ನೀನು ಬರುವ ಮುಂಚಿನ ಐದು ದಿನ ನಾನು ಮಿಸ್ಬಾಳಿಗೆ ಮುಲಾಮು ಹಚ್ಚಿರಲಿಲ್ಲ. ಈದ್ ಹತ್ತಿರ ಬಂದಿತ್ತು, ಅರವತ್ತು ಜೋಡಿ ಬಟ್ಟೆ ಬಾಕಿ ಇದ್ದವು, ಬರೀ ಮುಲಾಮು ತಾನೇ ಎಂದು ಬಿಟ್ಟೆ. ಆಮೇಲೆ ಒಂದೇ ಸಲಕ್ಕೆ ಕುಳಿತು ಐದೂ ದಿನದ ಟಿಕ್ಕು ಹಾಕಿದೆ, ಅವಳ ಬೆರಳು ಕೇಳದೆ ಎಲ್ಲದಕ್ಕೂ ಎರಡು ಎಂದು ಬರೆದೆ. ಟ್ಯೂಬು ಭಾರ ಇದೆಯಲ್ಲ ಎಂದು ಸುಶ್ಮಿತಾ ಕೇಳಿದಾಗ ತೆಳ್ಳಗೆ ಹಚ್ಚಿದೆ ಎಂದೆ. ನೀನು ಬರುವ ಹಿಂದಿನ ದಿನವೇ ಅವಳ ಮೊಣಕೈ ಮಡಿಕೆ ಕೆಂಪಾಗಿತ್ತು, ನಾನು ನೋಡಿದ್ದೆ. ನೀನು ನನ್ನ ಮುಖ ನೋಡಿದಾಗ ನನಗೆ ಅದೆಲ್ಲ ಗೊತ್ತಿತ್ತು. ಮಂಗಳವಾರ ಡಾಕ್ಟರ ಮುಂದೆಯೂ ಬಾಯಿ ಬಿಡಲಿಲ್ಲ. ಬುಧವಾರ ಅವರಿಗೆ ಹೇಳುತ್ತೇನೆ, ಕುಲ್ಸುಮಬಿಗೆ ಇವತ್ತು ಸಂಜೆ ಹೇಳುತ್ತೇನೆ. ಮೊದಲು ನಿನಗೆ. ಬಂದಾಗ ನನ್ನ ಜೊತೆ ಮಾತಾಡದಿದ್ದರೂ ನಡೆಯುತ್ತದೆ. ನೀನು ಬರಬಹುದೆಂದು ಮಿಸ್ಬಾಳಿಗೆ ಈಗಷ್ಟೇ ಹೇಳಿದೆ. 'ದಾದಾ, ಅಮ್ಮಿ ಬಂದ್ರ ನಾ ಎಷ್ಟು ದೂರ ಕುಂದರ್ಲಿ?' ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ.